ಬಂಗುಡೆ ಬಿಟ್ಟು ದೆಹಲಿಯಲ್ಲಿ ಬಾಳಲು ಹದಿಮೂರು ಸೂತ್ರಗಳು

ಕೇಂದ್ರ ಸರ್ಕಾರದ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ, 15 ವರ್ಷ ದಾಟಿದವರಲ್ಲಿ ಸಸ್ಯಾಹಾರಿಗಳ ಪ್ರಮಾಣ ಹರಿಯಾಣದಲ್ಲಿ ನೂರಕ್ಕೆ ಸುಮಾರು 69, ದೆಹಲಿಯಲ್ಲಿ 40ಕ್ಕೆ ತುಸು ಕಡಿಮೆ, ಕರ್ನಾಟಕದಲ್ಲಿ 21ರ ಆಸುಪಾಸು. ಇದನ್ನು ಓದಿದ ಕರಾವಳಿಯವರು, ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಮನೆ ಮಾಡಿದರೆ ಸಸ್ಯಾಹಾರಿಯಾಗುವುದು ಬಲು ಸಲೀಸು ಎಂದುಕೊಳ್ಳಬಹುದು. ಅಷ್ಟು ಸಲೀಸಲ್ಲ. ಇಲ್ಲಿಯ ಸಸ್ಯಾಹಾರ ನಿಂತಿರುವುದು ಹಾಲು, ಪನೀರು, ತುಪ್ಪದ ಮೇಲೆ. ನಮ್ಮ ನಾಲಿಗೆ ಬೆಳೆದದ್ದು ತೆಂಗಿನಕಾಯಿ, ಹುಣಸೆಹುಳಿ, ಬ್ಯಾಡಗಿ ಮೆಣಸಿನಲ್ಲಿ.

ನಮ್ಮದು ಕುಂದಾಪುರದ ಕಡೆಯ ಮೀನು ತಿನ್ನುವ ಮನೆ. ಈಗ ಒಲೆ ಉರಿಯುವುದು ಪೂರ್ವ ದೆಹಲಿಯ ಮಯೂರ ವಿಹಾರದಲ್ಲಿ. ನಾನು ಮೀನು-ಮಾಂಸ ಬಿಟ್ಟೆ. ಕಾಲೇಜಿಗೆ ಹೋಗುವ ಮಗಳು ಹಾಲು, ಮೊಸರು, ತುಪ್ಪವನ್ನೂ ಬಿಟ್ಟು ವೀಗನ್ ಆದಳು. ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬೇಡಿ. ಕರುಣೆಯೋ, ಕೊಲೆಸ್ಟರಾಲೋ, ಭೂಮಿಯ ಬಿಸಿಯೋ, ನಿಮ್ಮ ಕಾರಣ ನಿಮಗೆ. ಬಿಟ್ಟ ಮೇಲೆ ಬುಧವಾರ ರಾತ್ರಿ ಒಂಬತ್ತಕ್ಕೆ ಹಸಿದು ಮನೆ ಸೇರಿದಾಗ ಪಾತ್ರೆಯಲ್ಲಿ ಏನಿದೆ ಎಂಬುದಷ್ಟೇ ನನ್ನ ಚಿಂತೆ. ನಾನು ಕಂಡಂತೆ ಈ ದಾರಿಯಿಂದ ಹಿಂದಿರುಗಿದವರೆಲ್ಲ ಅಡುಗೆಮನೆಯಲ್ಲಿ ಸೋತವರೇ. ತತ್ವದಲ್ಲಿ ಸೋತವರು ಇನ್ನೂ ಸಿಕ್ಕಿಲ್ಲ.

1. ಗೆರೆ ಎಲ್ಲಿ ಎಂದು ಮೊದಲೇ ಬರೆದಿಡಿ

ದೆಹಲಿಯಲ್ಲಿ ‘ವೆಜ್’ ಎಂದರೆ ಹತ್ತು ಬಗೆ. ಮಂಗಳವಾರ ಹನುಮಂತನ ದಿನವೆಂದು ಮಾತ್ರ ಮಾಂಸ ಬಿಡುವವರು, ನವರಾತ್ರಿಯ ಒಂಬತ್ತು ದಿನ ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದೆ ಹತ್ತನೆಯ ದಿನ ಬಟರ್ ಚಿಕನ್‌ಗೆ ಸಾಲು ನಿಲ್ಲುವವರು, ಮನೆಯೊಳಗೆ ಮೊಟ್ಟೆ ತಾರದೆ ಹೊರಗೆ ಆಮ್ಲೆಟ್ ತಿನ್ನುವವರು, ನೆಲದೊಳಗೆ ಬೆಳೆದ ಆಲೂಗಡ್ಡೆಯನ್ನೂ ಬಿಟ್ಟ ಜೈನರು. ಗುರುಗ್ರಾಮದ ಮಹಾನಗರ ಪಾಲಿಕೆಯಂತೂ 2021ರ ಮಾರ್ಚ್‌ನಲ್ಲಿ ಮಂಗಳವಾರ ಮಾಂಸದಂಗಡಿ ಮುಚ್ಚಬೇಕೆಂದು ನಿರ್ಣಯವನ್ನೇ ಮಾಡಿತು. ಸೋಮವಾರ, ಶನಿವಾರ ಬಿಟ್ಟು ಗೊತ್ತಿರುವ ನಮ್ಮವರಿಗೆ ಮಂಗಳವಾರದ ಲೆಕ್ಕ ಹೊಸದು.

ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಹಕ್ಕಿಗಳ ಧರ್ಮಾಸ್ಪತ್ರೆಯೊಂದಿದೆ. ಪಾರಿವಾಳ, ಗಿಳಿಗಳನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳುತ್ತಾರೆ; ಹದ್ದು, ಗಿಡುಗದಂಥ ಮಾಂಸಾಹಾರಿಗಳಿಗೆ ಹೊರರೋಗಿ ವಿಭಾಗದಲ್ಲೇ ಮದ್ದು ಕಟ್ಟಿ ಕಳಿಸುತ್ತಾರೆ. ಅಲ್ಲಿ ಗೆರೆ ಸ್ಪಷ್ಟವಾಗಿದೆ. ನಿಮ್ಮದೂ ಹಾಗಿರಲಿ. ಹಾಲು ಸೈಯೇ? ಮೊಟ್ಟೆ? ಜೇನು? ಜೆಲಟಿನ್‌ನಲ್ಲಿ ಮಾಡಿದ ಮಾತ್ರೆಯ ಕವಚ? ಚರ್ಮದ ಬೆಲ್ಟು? ಒಂದು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ಮದುವೆಮನೆಯ ಪಂಕ್ತಿಯಲ್ಲಿ ನಿಂತು ಯೋಚಿಸಿದರೆ ಕಾಲ ಮೀರಿರುತ್ತದೆ.

2. ಮೀನು ಬಿಡುವ ಮೊದಲು ಕಾಳು ಬೇಯಿಸಲು ಕಲಿಯಿರಿ

ಕರಾವಳಿಯ ಮೀನೂಟದ ಮನೆಗಳಲ್ಲಿ ಕಾಳಿಗೆ ಎರಡನೆಯ ಸ್ಥಾನ. ಸಾರಿಗೆ ಒಂದು ಹಿಡಿ ತೊಗರಿಬೇಳೆ, ಅಷ್ಟೇ. ತಟ್ಟೆಯಿಂದ ಮೀನು ಎದ್ದು ಹೋದ ಜಾಗಕ್ಕೆ ಅನ್ನ ಬಂದು ಕೂರುತ್ತದೆ, ಮೂರು ತಿಂಗಳಲ್ಲಿ ಹೊಟ್ಟೆ ಮುಂದೆ ಬರುತ್ತದೆ, ಮಧ್ಯಾಹ್ನ ಮೂರಕ್ಕೆ ತಲೆ ತೂಗುತ್ತದೆ. ಆಮೇಲೆ ‘ಸಸ್ಯಾಹಾರ ನನಗೆ ಒಗ್ಗಲಿಲ್ಲ’ ಎಂಬ ತೀರ್ಪು.

ಲೆಕ್ಕ ಕಷ್ಟದ್ದಲ್ಲ. ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು. 60 ಕಿಲೋ ತೂಗುವವರಿಗೆ 50 ಗ್ರಾಂ. ಒಂದು ದಿನಕ್ಕೆ 60 ಗ್ರಾಂ ತೊಗರಿಬೇಳೆ, 50 ಗ್ರಾಂ ಕಪ್ಪು ಕಡಲೆ, ಒಂದು ಮುಷ್ಟಿ ಶೇಂಗಾ, 150 ಗ್ರಾಂ ಗೋಧಿಹಿಟ್ಟಿನ ಚಪಾತಿ, ಇಷ್ಟರಲ್ಲೇ 45 ಗ್ರಾಂ ಹತ್ತಿರ ಬರುತ್ತದೆ. ಬೇಳೆ-ಕಾಳಿನ ತೂಕವೆಲ್ಲ ಬೇಯಿಸುವ ಮೊದಲಿನದು. 25 ಗ್ರಾಂ ಒಣ ಸೋಯಾ ಚಂಕ್ಸ್ ಸೇರಿಸಿದರೆ ಇನ್ನೊಂದು 13. ಪುಡಿ ಡಬ್ಬ ಮಾರುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಕಷ್ಟ ಇರುವುದು ನೀರಿನಲ್ಲಿ. ದ್ವಾರಕಾ, ಗುರುಗ್ರಾಮ, ಗ್ರೇಟರ್ ನೋಯ್ಡಾದ ಎಷ್ಟೋ ಸೊಸೈಟಿಗಳಲ್ಲಿ ನಲ್ಲಿಯಲ್ಲಿ ಬರುವುದು ‘ಖಾರಾ ಪಾನಿ’, ಅಂದರೆ ಗಡಸು ಬೋರ್‌ವೆಲ್ ನೀರು. ಅದರೊಳಗಿನ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಗಟ್ಟಿ ಮಾಡುತ್ತದೆ. ರಾಜ್ಮಾಕ್ಕೆ ಎಂಟು ಸೀಟಿ ಕೂಗಿಸಿದರೂ ಹಲ್ಲಿಗೆ ಕಟ್ ಎನ್ನುತ್ತದೆ. ನೆನೆಸುವುದೂ ಬೇಯಿಸುವುದೂ ಕುಡಿಯುವ ನೀರಿನಲ್ಲೇ ಮಾಡಿ. ಜನವರಿಯ ಚಳಿಯಲ್ಲಿ ಎಂಟು ಗಂಟೆ ಸಾಲದು, ಬಿಸಿನೀರಿನಲ್ಲಿ ನೆನೆಹಾಕಿ. ಜೂನ್‌ನಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ಬೆಳಗ್ಗೆ ಹುಳಿವಾಸನೆ, ಫ್ರಿಜ್‌ನಲ್ಲಿಡಿ. ಹುಣಸೆ, ಟೊಮೆಟೊ ಏನಿದ್ದರೂ ಕಾಳು ಮೆತ್ತಗಾದ ಮೇಲೆಯೇ. ರಾಜ್ಮಾವನ್ನು ಅರೆಬೆಂದದ್ದು ತಿನ್ನಲೇಬೇಡಿ, ವಾಂತಿ ಗ್ಯಾರಂಟಿ. ಭಾನುವಾರ ಎರಡು ಬಗೆಯ ಕಾಳು ಬೇಯಿಸಿ ಡಬ್ಬಿಯಲ್ಲಿ ತುಂಬಿ ಫ್ರೀಜರ್‌ಗೆ ಹಾಕಿಟ್ಟರೆ ಬುಧವಾರ ರಾತ್ರಿ ಗೆದ್ದಂತೆ.

3. ನಾಲಿಗೆ ಕೇಳುವುದು ಮಸಾಲೆಯನ್ನು, ಅದನ್ನು ಬಿಡಬೇಡಿ

ಇದು ಈ ಪಟ್ಟಿಯಲ್ಲೇ ದೊಡ್ಡ ಸೂತ್ರ. ಮೀನು ಬಿಟ್ಟವರು ಮಾಡುವ ಅನ್ಯಾಯವೆಂದರೆ ಅದರ ಜೊತೆಗೆ ಗಸಿಯನ್ನೂ ಬಿಟ್ಟುಬಿಡುವುದು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಹುಣಸೆಹುಳಿ, ತೆಂಗಿನತುರಿ ನುಣ್ಣಗೆ ರುಬ್ಬಿದ ಆ ಕೆಂಪು ಅರಪು ಯಾವ ಪ್ರಾಣಿಯದ್ದೂ ಅಲ್ಲ. ಬಂಗುಡೆಗೆ ಹಾಕುವ ಜುಮ್ಮನಕಾಯಿ, ಕೊಂಕಣಿಗರ ತಿರ್ಫಳ, ಒಂದು ಮರದ ಕಾಯಿ. ಅದನ್ನು ಜಜ್ಜಿ ಹಾಕಿ ಆಲೂಗಡ್ಡೆಯದ್ದೋ ಅಣಬೆಯದ್ದೋ ಗಸಿ ಮಾಡಿ ನೋಡಿ; ಕಣ್ಣು ಮುಚ್ಚಿ ತಿಂದರೆ ಅರ್ಧ ಕುಂದಾಪುರ. ಊರಿಗೆ ಹೋದಾಗ ವರ್ಷಕ್ಕಾಗುವಷ್ಟು ಜುಮ್ಮನಕಾಯಿ ಒಣಗಿಸಿ ತನ್ನಿ. ಉಳಿದದ್ದೆಲ್ಲ ಇಲ್ಲೇ ಸಿಗುತ್ತದೆ: ದಿಲ್ಲಿ ಹಾಟ್ ಎದುರಿನ ಐಎನ್‌ಎ ಮಾರುಕಟ್ಟೆಯಲ್ಲಿ ತೆಂಗಿನಕಾಯಿ, ಕರಿಬೇವು, ಬಾಳೆಕಾಯಿ, ಸುವರ್ಣಗೆಡ್ಡೆ, ಮಯೂರ ವಿಹಾರದ ಮಲಯಾಳಿ ಅಂಗಡಿಗಳಲ್ಲಿ ಕೆಂಪು ಕುಚ್ಚಲಕ್ಕಿ, ತೆಂಗಿನೆಣ್ಣೆ. ಬ್ಯಾಡಗಿ ಸಿಗದ ದಿನ ಕಾಶ್ಮೀರಿ ಮೆಣಸು ಬಣ್ಣಕ್ಕೆ ಸಾಕು, ಪರಿಮಳಕ್ಕೆ ಸಾಲದು.

ಹಲಸು ದೆಹಲಿ ಕೊಡುವ ದೊಡ್ಡ ಉಡುಗೊರೆ. ಬೇಸಿಗೆ ಶುರುವಾಗುತ್ತಿದ್ದಂತೆ ಮಂಡಿಗಳಲ್ಲಿ ‘ಕಟಹಲ್’ ರಾಶಿ ಬೀಳುತ್ತದೆ. ಅದು ನಮ್ಮ ಗುಜ್ಜೆಯೇ. ಮಾರುವವನು ಕತ್ತಿಗೆ ಎಣ್ಣೆ ಸವರಿ, ಸಿಪ್ಪೆ ತೆಗೆದು, ತುಂಡು ಮಾಡಿ ಕೊಡುತ್ತಾನೆ. ಊರಲ್ಲಿ ಕೈಗೆಲ್ಲ ಅಂಟು ಮೆತ್ತಿಕೊಂಡು ಕೂತ ನಮಗೆ ಇದೊಂದು ರಾಜಭೋಗ. ಉತ್ತರದವರು ಅದನ್ನು ಮಟನ್ ಮಾಡುವ ಹಾಗೆಯೇ ಈರುಳ್ಳಿ, ಗರಂ ಮಸಾಲೆಯಲ್ಲಿ ಬೇಯಿಸುತ್ತಾರೆ, ಬಿರಿಯಾನಿಯನ್ನೂ ಮಾಡುತ್ತಾರೆ. ನೀವು ಕುಂದಾಪುರದ ಕೋಳಿ ಸಾರಿನ ಮಸಾಲೆಯನ್ನು ಅದಕ್ಕೆ ಹಾಕಿ. ಕೋಳಿ ರೊಟ್ಟಿಯ ಒಣ ರೊಟ್ಟಿಗೆ ಗುಜ್ಜೆ ಗಸಿ ಸುರಿದು ತಿಂದವರು ನಮ್ಮ ಮನೆಯಲ್ಲಿ ಮಾತಾಡದೆ ಎರಡನೆಯ ಸಲ ಬಡಿಸಿಕೊಂಡಿದ್ದಾರೆ. ಘೀ ರೋಸ್ಟ್‌ಗೆ ಸೋನಿಪತ್ ಕಡೆಯಿಂದ ಬರುವ ಬಿಳಿ ಅಣಬೆ ಚೆನ್ನ. ಮಗಳ ಪಾಲಿಗೆ ತುಪ್ಪದ ಬದಲು ತೆಂಗಿನೆಣ್ಣೆ. ಹೆಸರಲ್ಲಿ ಘೀ ಉಳಿದದ್ದಕ್ಕೆ ಯಾರೂ ದಾವೆ ಹಾಕಿಲ್ಲ.

ಇನ್ನೊಂದು ಮಾತು. ದೆಹಲಿಯ ಮಾಮೂಲಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ರೋಹು, ಕಟ್ಲಾದಂಥ ಸಿಹಿನೀರಿನ ಮೀನು. ಕಡಲ ಮೀನು ಐಸಿನಲ್ಲಿ ಮಲಗಿ ಸಾವಿರಾರು ಕಿಲೋಮೀಟರ್ ಬಂದದ್ದು. ದೋಣಿಯಿಂದ ಇಳಿದ ಮೀನು ತಿಂದು ಬೆಳೆದವರಿಗೆ ಇಲ್ಲಿ ಬಿಡುವುದು, ಗಂಗೊಳ್ಳಿಯ ಬಂದರಿನ ಪಕ್ಕ ಕೂತು ಬಿಟ್ಟಷ್ಟು ಕಠಿಣವಲ್ಲ. ಈ ಅನುಕೂಲವನ್ನು ಬಳಸಿಕೊಳ್ಳಿ.

4. ಪನೀರಿಗೆ ವಾರಕ್ಕೊಂದೇ ದಿನ

ಶಾಹಿ ಪನೀರ್, ಕಡಾಯಿ ಪನೀರ್, ಪನೀರ್ ಟಿಕ್ಕಾ, ಪನೀರ್ ಮೊಮೊ. ಇಲ್ಲಿ ‘ವೆಜ್ ಮೇ ಕ್ಯಾ ಹೈ?’ ಎಂದರೆ ಮೊದಲು ಬರುವ ಉತ್ತರ ಇದೇ. ಕೆನೆ, ಬೆಣ್ಣೆ, ಗೋಡಂಬಿಯಲ್ಲಿ ಮುಳುಗಿದ ಪನೀರನ್ನು ದಿನವೂ ತಿಂದರೆ ಆರೋಗ್ಯಕ್ಕಾಗಿ ಮಾಂಸ ಬಿಟ್ಟವರ ಲೆಕ್ಕಾಚಾರ ತಲೆಕೆಳಗು. ಜೊತೆಗೆ ನಕಲಿ ಪನೀರ್ ಹಿಡಿದ ಸುದ್ದಿ ಹಬ್ಬದ ಸಮಯದಲ್ಲಿ ದೆಹಲಿ ಸುತ್ತಲಿನ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ.

ಸೋಯಾ ಚಾಪ್ ದೆಹಲಿಗೇ ವಿಶೇಷ: ಸೋಯಾ ಮತ್ತು ಮೈದಾವನ್ನು ಕಡ್ಡಿಗೆ ಪದರಪದರವಾಗಿ ಸುತ್ತಿ ಬೇಯಿಸಿದ್ದು. ಗಾಡಿಯ ‘ಮಲಾಯಿ ಚಾಪ್’ನಲ್ಲಿ ಹೆಸರೇ ಹೇಳುವಂತೆ ಕೆನೆ ಇರುತ್ತದೆ, ತಂದೂರಿ ಚಾಪ್‌ಗೆ ಮೊಸರು ಸವರಿರುತ್ತಾರೆ. ಹಸಿ ಚಾಪ್ ಕಡ್ಡಿ ತಂದು ಮನೆಯಲ್ಲೇ ಕತ್ತರಿಸಿ ಸುಕ್ಕ ಮಾಡಿ.

5. ಊರ ಅಡುಗೆಯಲ್ಲಿ ಮೊದಲೇ ವೀಗನ್ ಆಗಿರುವುದನ್ನು ಪಟ್ಟಿ ಮಾಡಿ

ವೀಗನ್ ಎಂದ ಕೂಡಲೇ ಬಾದಾಮಿ ಹಾಲು, ಆವಕಾಡೊ ಎಂದು ಗುರುಗ್ರಾಮದ ಮಾಲ್‌ಗಳ ಕಡೆ ಓಡುವವರನ್ನು ಕಂಡರೆ ನನಗೆ ನಗು. ಜೋಳದ ರೊಟ್ಟಿ-ಎಣ್ಣೆಗಾಯಿ-ಶೇಂಗಾ ಚಟ್ನಿ, ಮುದ್ದೆ-ಬಸ್ಸಾರು, ಹುರುಳಿ ಸಾರು, ನೀರುದೋಸೆ, ಪತ್ರೊಡೆ, ಕಡಲೆ-ಮನೋಳಿ, ಗೊಜ್ಜವಲಕ್ಕಿ, ತೆಂಗಿನ ಹಾಲಿನ ಕಡಲೆಬೇಳೆ ಪಾಯಸ. ಒಗ್ಗರಣೆಗೆ ಎಣ್ಣೆ ಬಳಸಿದರೆ ಇವುಗಳಲ್ಲಿ ಒಂದು ಹನಿ ಹಾಲಿಲ್ಲ. ಹಾಲು ಬಿಟ್ಟವರಿಗೆ ಸುಣ್ಣದಂಶದ ಚಿಂತೆ ಇದ್ದರೆ ರಾಗಿ ಇದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಎಳ್ಳು ಅದಕ್ಕೂ ಮೇಲೆ. ಬಡಾವಣೆಯ ಅಂಗಡಿಯಲ್ಲಿ ರಾಗಿ ಸಿಗದಿದ್ದರೆ ಉತ್ತರಾಖಂಡದವರ ಅಂಗಡಿಯಲ್ಲಿ ‘ಮಂಡುವಾ ಕಾ ಆಟಾ’ ಕೇಳಿ, ಅದೇ ರಾಗಿಹಿಟ್ಟು.

ಮೊಸರಿಲ್ಲದೆ ಕನ್ನಡಿಗರ ಊಟ ಮುಗಿಯುವುದಿಲ್ಲವಲ್ಲ, ಅದಕ್ಕೂ ಉಪಾಯವಿದೆ. ನೆನೆಸಿದ ಶೇಂಗಾ ರುಬ್ಬಿ ಸೋಸಿ, ಹಾಲು ಕಾಯಿಸಿ, ಉಗುರುಬೆಚ್ಚಗಿರುವಾಗ ಹಸಿಮೆಣಸಿನ ನಾಲ್ಕಾರು ತೊಟ್ಟು ಹಾಕಿ ಮುಚ್ಚಿಡಿ. ಹೆಪ್ಪುಗಟ್ಟುತ್ತದೆ. ಎರಡನೆಯ ಸಲಕ್ಕೆ ಅದೇ ಮೊಸರು ಹೆಪ್ಪಿಗೆ. ಡಿಸೆಂಬರ್‌ನಲ್ಲಿ ಪಾತ್ರೆಗೆ ಶಾಲು ಸುತ್ತಿ ಗೋಧಿಹಿಟ್ಟಿನ ಡಬ್ಬಿಯೊಳಗೆ ಇಡಬೇಕು, ಇಲ್ಲದಿದ್ದರೆ ಬೆಳಗ್ಗೆ ಬರೀ ಶೇಂಗಾ ನೀರು. ಬರೀ ಅನ್ನಕ್ಕೆ ಕಲಸಿದರೆ ಶೇಂಗಾ ವಾಸನೆ ಮುಂದೆ ಬರುತ್ತದೆ ಎಂಬುದು ನಿಜ. ತಂಬುಳಿ, ಮಜ್ಜಿಗೆಹುಳಿಗೆ ಮಾತ್ರ ಗುರುತೇ ಸಿಗದಂತೆ ಒಗ್ಗುತ್ತದೆ.

6. ನವೆಂಬರಿನಲ್ಲಿ ಶುರು ಮಾಡಿ

ಮುಹೂರ್ತ ಮುಖ್ಯ. ಮೇ ತಿಂಗಳಲ್ಲಿ ಆರಂಭಿಸಿದವರಿಗೆ ಸೋರೆ, ಹೀರೆ, ಟಿಂಡಾ, ಮತ್ತೆ ಸೋರೆ. ನವೆಂಬರಿನಿಂದ ಫೆಬ್ರವರಿವರೆಗಿನ ದೆಹಲಿಯ ತರಕಾರಿ ಸಂತೆ ಬೆಂಗಳೂರಿಗೂ ಹೊಟ್ಟೆಕಿಚ್ಚು ತರಿಸಬೇಕು: ಸಾಸಿವೆ ಸೊಪ್ಪು, ಬಥುವಾ, ಮೆಂತೆ, ಪಾಲಕ್, ಕೆಂಪು ಗಜ್ಜರಿ, ಟರ್ನಿಪ್, ಮೂಲಂಗಿ, ಹಸಿ ಬಟಾಣಿ, ಹಸಿ ಕಡಲೆ. ಬಟಾಣಿ ಅಗ್ಗವಾದ ವಾರ ಹತ್ತು ಕಿಲೋ ತಂದು, ಮನೆಯವರನ್ನೆಲ್ಲ ಬಿಸಿಲಿಗೆ ಕೂರಿಸಿ ಬಿಡಿಸಿ, ಫ್ರೀಜರ್‌ಗೆ ತುಂಬುವುದು ಇಲ್ಲಿಯ ಗೃಹಕೃತ್ಯ. ನೆರೆಯ ಆಂಟಿಯ ಜೊತೆ ತಾರಸಿಯಲ್ಲಿ ಕೂತು ಬಟಾಣಿ ಬಿಡಿಸಿದರೆ ಹಿಂದಿಯೂ ಸುಧಾರಿಸುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಮದರ್ ಡೇರಿಯ ಸಫಲ್ ಅಂಗಡಿಯಲ್ಲಿ ಪ್ಯಾಕೆಟ್ ಇದೆ.

7. ಬೀದಿಯಲ್ಲಿ ಏನು ತಿನ್ನಬೇಕು, ಹೇಗೆ ಕೇಳಬೇಕು

ಸಸ್ಯಾಹಾರಿಗಳಿಗೆ ದೆಹಲಿ ಸ್ವರ್ಗ, ವೀಗನ್‌ಗಳಿಗೆ ಪರೀಕ್ಷೆ. ‘ವೀಗನ್’ ಎಂದರೆ ಗಾಡಿಯವನಿಗೆ ತಿಳಿಯದು, ‘ಪ್ಯೂರ್ ವೆಜ್ ಹೈ ಜೀ, ದೇಸೀ ಘೀ ಮೇ ಬನಾ ಹೈ’ ಎಂದು ಹೆಮ್ಮೆಯಿಂದ ಹೇಳುತ್ತಾನೆ. ಸಿದ್ಧಾಂತ ವಿವರಿಸದೆ ವಸ್ತುಗಳ ಹೆಸರು ಹೇಳಿ: ‘ಭಯ್ಯಾ, ದೂಧ್, ದಹೀ, ಮಕ್ಖನ್, ಘೀ ಕುಛ್ ನಹೀ.’ ಯಾಕೆ ಎಂದರೆ ‘ಅಲರ್ಜಿ’ ಎನ್ನುತ್ತಾಳೆ ಮಗಳು. ಸುಳ್ಳು ನನಗೆ ಹಿಡಿಸದು, ಕೆಲಸ ಆಗುವುದನ್ನು ಮಾತ್ರ ಅಲ್ಲಗಳೆಯಲಾರೆ.

ಧೈರ್ಯವಾಗಿ ತಿನ್ನಬಹುದಾದದ್ದು: ಗೋಲ್‌ಗಪ್ಪೆ, ಕೆಂಡದಲ್ಲಿ ಸುಟ್ಟ ಗೆಣಸಿಗೆ ನಿಂಬೆ ಹಿಂಡಿದ ಶಕರ್‌ಕಂದಿ ಚಾಟ್, ಮೂಲಂಗಿ ತುರಿ ಉದುರಿಸಿದ ಹೆಸರುಬೇಳೆಯ ರಾಮ್ ಲಡ್ಡು, ಸುಟ್ಟ ಜೋಳ. ಕೇಳಿ ತಿನ್ನಬೇಕಾದದ್ದು: ಭಟೂರೆ, ನಾನ್, ಕುಲ್ಚಾ. ಹಿಟ್ಟಿಗೆ ಹೆಚ್ಚಾಗಿ ಮೊಸರು ಬಿದ್ದಿರುತ್ತದೆ. ಬೆಣ್ಣೆ ಸವರದ ತಂದೂರಿ ರೊಟ್ಟಿ ಪರವಾಗಿಲ್ಲ. ದಾಲ್ ಮಖನಿ ಬೇಡ, ದಾಲ್ ತಡ್ಕಾ ಎನ್ನಿ, ‘ತೇಲ್ ಮೇ ತಡ್ಕಾ’ ಎಂದು ಒತ್ತಿ ಹೇಳಿ.

ಹೆದ್ದಾರಿಯಲ್ಲಿ ಹೊರಟರೆ ಸೋನಿಪತ್ ಜಿಲ್ಲೆಯ ಮುರ್ಥಲ್‌ನ ಸಾಲು ಢಾಬಾಗಳು ಸಸ್ಯಾಹಾರಕ್ಕೇ ಹೆಸರಾದವು. ಪರಾಠೆಯ ಮೇಲೆ ಬಿಳಿ ಬೆಣ್ಣೆಯ ಉಂಡೆ ಬಂದು ಕೂರುವ ಮೊದಲೇ ತಡೆಯುವ ಚುರುಕು ನಿಮ್ಮಲ್ಲಿರಬೇಕು. ಕೈಯಲ್ಲಿ ಕಾಸಿಲ್ಲದ ದಿನವೂ ಗುರುದ್ವಾರ ಬಂಗ್ಲಾ ಸಾಹಿಬ್‌ನ ಲಂಗರ್‌ನಲ್ಲಿ ಸಸ್ಯಾಹಾರದ ಬಿಸಿ ಊಟ ಇದೆ, ಜಾತಿ-ಮತ ಯಾವುದನ್ನೂ ಕೇಳದೆ ಸಾಲಿನಲ್ಲಿ ಕೂರಿಸಿ ಬಡಿಸುತ್ತಾರೆ. ಊರಿನ ರುಚಿ ಬೇಕೆನಿಸಿದರೆ ಆರ್.ಕೆ. ಪುರಂನ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡಕ್ಕೆ ಹೋಗಿ. ಅಲ್ಲಿ ಕನ್ನಡದಲ್ಲೇ ‘ತುಪ್ಪ ಹಾಕ್ಬೇಡಿ’ ಎನ್ನುವ ಸುಖಕ್ಕಾದರೂ ಹೋಗಬೇಕು.

8. ಹಸಿರು ಚುಕ್ಕೆಯ ಕೆಳಗಿನ ಸಣ್ಣ ಅಕ್ಷರ ಓದಿ

ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರಕ್ಕೆ. ಮಾಂಸಾಹಾರದ ಗುರುತು ಈಗ ಚುಕ್ಕೆಯಿಂದ ಕಂದು ತ್ರಿಕೋನಕ್ಕೆ ಬದಲಾಗಿದೆ. ಬಣ್ಣ ಗುರುತಿಸಲಾಗದವರಿಗೂ ಆಕಾರ ನೋಡಿ ತಿಳಿಯಲಿ ಎಂದು. ಹಾಲಿನ ಪದಾರ್ಥಕ್ಕೂ ಹಸಿರು ಚುಕ್ಕೆಯೇ ಇರುವುದರಿಂದ ವೀಗನ್‌ಗಳಿಗೆ ಅದು ಸಾಲದು. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ವೀಗನ್ ಆಹಾರಕ್ಕೇ ನಿಯಮ ತಂದು, ಎಲೆ ಚಿಗುರಿದ ಹಸಿರು ‘ವಿ’ ಚಿಹ್ನೆ ಕೊಟ್ಟಿದೆ. ಸೋಯಾ, ಓಟ್ಸ್ ಪೊಟ್ಟಣಗಳ ಮೇಲೆ ‘ಹಾಲು’ ಎಂದು ಬರೆಯುವಂತಿಲ್ಲ, ‘ಬೆವರೇಜ್’ ಎಂದು ಹುಡುಕಿ.

2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಒಂದು ಒಳ್ಳೆಯ ಆದೇಶ ಮಾಡಿತು. ತಿಂಡಿಯಲ್ಲಿರುವ ಪದಾರ್ಥದ ಸಂಕೇತ ಸಂಖ್ಯೆ ಬರೆದರೆ ಸಾಲದು, ಅದು ಸಸ್ಯದಿಂದ ಬಂದದ್ದೋ ಪ್ರಾಣಿಯಿಂದ ಬಂದದ್ದೋ ಎಂಬುದನ್ನೂ ತಿಳಿಸಬೇಕು ಎಂದು. ಆ ಮೊಕದ್ದಮೆಯಲ್ಲಿ ಉದಾಹರಣೆಯಾಗಿ ಬಂದದ್ದು ನೂಡಲ್ಸ್, ಚಿಪ್ಸ್‌ಗಳ ರುಚಿ ಹೆಚ್ಚಿಸುವ ಇ631. ಅದನ್ನು ಮಾಂಸದಿಂದಲೂ ಮೀನಿನಿಂದಲೂ ತಯಾರಿಸಬಹುದು. ನೆನಪಿಡಬೇಕಾದ ಇನ್ನೆರಡು: ಇ120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ904 ಎಂದರೆ ಅರಗು. ಕನ್ನಡಕ ಮರೆತು ಅಂಗಡಿಗೆ ಹೋಗಬೇಡಿ.

9. ಬಿ12ಗೆ ಭಾವುಕತೆ ಗೊತ್ತಿಲ್ಲ

ಸಸ್ಯಾಹಾರದಲ್ಲಿ ಎಲ್ಲವೂ ಇದೆ ಎಂಬ ಮಾತು ಇಲ್ಲಿ ನಿಲ್ಲುತ್ತದೆ. ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ನಂಬಿಕೊಳ್ಳುವಷ್ಟು ಬಿ12 ಇಲ್ಲ. ವೀಗನ್ ಆದವರು ಮಾತ್ರೆ ತೆಗೆದುಕೊಳ್ಳಲೇಬೇಕು. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ಕೊರತೆ ಕಾಣಿಸುವುದುಂಟು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ ಡಾಕ್ಟರರಿಗೆ ತೋರಿಸಿ. ಕೈಕಾಲು ಜೋಮು ಹಿಡಿಯುವವರೆಗೆ ಕಾಯಬೇಡಿ. ಹೊಗೆಮಂಜು ಕವಿದ ದೆಹಲಿಯ ಚಳಿಗಾಲದಲ್ಲಿ ಡಿ ವಿಟಮಿನ್ನೂ ನೋಡಿಕೊಳ್ಳಬೇಕು. ಸಾಮಾನ್ಯ ಡಿ3 ಕುರಿಯ ಉಣ್ಣೆಯ ಜಿಡ್ಡಿನಿಂದ ಬಂದದ್ದು, ವೀಗನ್‌ಗಳಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದದ್ದು ಸಿಗುತ್ತದೆ. ಕಬ್ಬಿಣಾಂಶಕ್ಕೆ ಊಟದ ಮೇಲೆ ನಿಂಬೆ ಹಿಂಡಿ, ಊಟವಾದ ಕೂಡಲೇ ಚಹಾ ಬೇಡ. ದೆಹಲಿಯಲ್ಲಿ ಎರಡನೆಯದೇ ಕಷ್ಟ.

10. ಊರಿಗೆ ಹೋಗುವ ಮೊದಲೇ ಫೋನ್ ಮಾಡಿ ಹೇಳಿ

‘ಬಿಟ್ಟದ್ ಸೈ, ಉಂಬುದ್ ಎಂತ?’ ಎಂದರು ಅಮ್ಮ. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಆಹಾರ ತಜ್ಞರೂ ನನಗೆ ಕೇಳಿಲ್ಲ. ರೈಲು ಇಳಿದು, ಎದುರಿಗೆ ಅಂಜಲ್ ಫ್ರೈ ಬಂದ ಮೇಲೆ ಸಿದ್ಧಾಂತ ತೆಗೆದರೆ ಅವರಿಗೆ ಅವಮಾನ, ನಿಮಗೆ ಸಂಕಟ. ಮೊದಲೇ ಹೇಳಿ, ಜೊತೆಗೆ ಬೇಕಾದ್ದನ್ನೂ ಹೇಳಿ: ‘ಅಮ್ಮ, ಪತ್ರೊಡೆ ಮಾಡು.’ ಇಂಥದ್ದು ಬೇಡ ಎಂದರೆ ಅಡುಗೆ ಮಾಡುವವರಿಗೆ ದಿಕ್ಕು ತೋಚದು, ಇಂಥದ್ದು ಬೇಕು ಎಂದರೆ ಕೈ ತಾನಾಗಿ ಓಡುತ್ತದೆ.

‘ಮೀನಿನ ತುಂಡು ಬೇಡ, ರಸ ಮಾತ್ರ ಹಾಕ್ಕೊ’ ಎನ್ನುವ ಚಿಕ್ಕಮ್ಮ ಪ್ರತಿ ಮನೆಯಲ್ಲೂ ಇರುತ್ತಾರೆ. ಜಗಳ ಬೇಡ. ಮೊದಲ ಸೂತ್ರದ ಚೀಟಿಯಲ್ಲಿ ‘ರಸವೂ ಇಲ್ಲ’ ಎಂದು ಬರೆದಿದ್ದರೆ ನಗುತ್ತಲೇ ತಟ್ಟೆಗೆ ಕೈ ಅಡ್ಡ ಹಿಡಿಯಬಹುದು. ಅತ್ತೆ-ಮಾವ ದೆಹಲಿಗೆ ಬಂದಾಗ ಅವರಿಗೆ ಮೀನು ತರಿಸಿ ಕೊಡಿ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಬಾಣಲೆ ಇದೆ. ಬಂದವರನ್ನು ಹಸಿವಿನಲ್ಲಿ ಕೂರಿಸಿ ಯಾರೂ ಯಾರನ್ನೂ ಗೆದ್ದಿಲ್ಲ.

11. ಬೇರೆಯವರ ತಟ್ಟೆ ಬೇರೆಯವರದು

ದೆಹಲಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಲೇಬೇಕು. 2022ರ ಚೈತ್ರ ನವರಾತ್ರಿಯಲ್ಲಿ ದಕ್ಷಿಣ ದೆಹಲಿಯ ಮೇಯರ್ ಮಾಂಸದಂಗಡಿ ಮುಚ್ಚಿಸಬೇಕೆಂದು ಪತ್ರ ಬರೆದರು. ಏಪ್ರಿಲ್ 10ರ ರಾಮನವಮಿಯಂದು ಜೆಎನ್‌ಯುನಲ್ಲಿ, ನಮ್ಮ ಕಾವೇರಿಯ ಹೆಸರಿನ ಹಾಸ್ಟೆಲಿನಲ್ಲೇ, ಹೊಡೆದಾಟವಾಗಿ ವಿದ್ಯಾರ್ಥಿಗಳು ಗಾಯಗೊಂಡರು. ಮೆಸ್ಸಿನ ಮಾಂಸದೂಟ ತಡೆದದ್ದೇ ಕಾರಣ ಎಂದಿತು ಒಂದು ಗುಂಪು. ಪೂಜೆಗೆ ಅಡ್ಡಿ ಮಾಡಿದ್ದೇ ಕಾರಣ ಎಂದಿತು ಇನ್ನೊಂದು. ಈ ಊರಿನಲ್ಲಿ ನೀವು ಮಾಂಸ ಬಿಟ್ಟಿರಿ ಎಂದರೆ ಯಾವುದೋ ಒಂದು ಗುಂಪು ಕೇಳದೆಯೇ ನಿಮ್ಮನ್ನು ತನ್ನವರೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಆ ಲೆಕ್ಕದಿಂದ ಹೆಸರು ತೆಗೆಸಿಕೊಳ್ಳಿ.

ಬಾಡಿಗೆ ಮನೆ ಹುಡುಕುವಾಗ ಇದು ಇನ್ನೂ ಮುಖಕ್ಕೆ ಬಡಿಯುತ್ತದೆ. ‘ವೆಜ್ ಹೋ ನಾ ಆಪ್?’ ಎಂಬ ಪ್ರಶ್ನೆ ಎಷ್ಟೋ ಸಲ ಅನ್ನದ ಬಗ್ಗೆ ಇರುವುದಿಲ್ಲ, ಜಾತಿ-ಧರ್ಮದ ಬಗ್ಗೆ ಇರುತ್ತದೆ. ನಾನು ಹೌದೆಂದಾಗ ಒಬ್ಬ ಮಾಲೀಕರು ‘ಸಂಸ್ಕಾರಿ ಪರಿವಾರ್’ ಎಂದು ಮೆಚ್ಚಿದರು. ಮೀನು ತಿನ್ನುವ ನನ್ನ ಅಮ್ಮನ ಸಂಸ್ಕಾರಕ್ಕೆ ಏನಾಗಿತ್ತೋ ತಿಳಿಯಲಿಲ್ಲ. ಆ ಮನೆ ಬೇಡವೆಂದು ಬಂದೆವು. ಬಂಗುಡೆ ಹುರಿಯುವವರು ಕೀಳು, ಬೇಳೆ ಬೇಯಿಸುವವರು ಮೇಲು ಎಂಬ ಮೆಟ್ಟಿಲನ್ನು ಒಪ್ಪಿಕೊಂಡು ಸಸ್ಯಾಹಾರಿಯಾಗುವುದಾದರೆ ಬಂಗುಡೆಯೇ ವಾಸಿ.

12. ಎಡವಿದರೆ ಅಲ್ಲಿಂದಲೇ ಮುಂದುವರಿಯಿರಿ

1931ರ ನವೆಂಬರ್ 20ರಂದು ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ ಸಸ್ಯಾಹಾರದ ನೈತಿಕ ತಳಹದಿಯ ಬಗ್ಗೆ ಭಾಷಣ ಮಾಡಿದ ಗಾಂಧೀಜಿ, ಅದಕ್ಕೆ ಬಹಳ ಹಿಂದೆಯೇ ಹಾಲು ಬಿಡುವ ವ್ರತ ತೊಟ್ಟಿದ್ದರು. ಕಾಯಿಲೆ ಬಿದ್ದು ಹಣ್ಣಾದಾಗ, ವ್ರತ ಹಸು-ಎಮ್ಮೆಯ ಹಾಲಿಗಷ್ಟೇ ಅಲ್ಲವೇ ಎಂದು ಕಸ್ತೂರಬಾ ದಾರಿ ತೋರಿಸಿದರು, ಗಾಂಧೀಜಿ ಆಡಿನ ಹಾಲು ಕುಡಿದರು. ಆ ರಾಜಿ ಅವರನ್ನು ಕೊನೆಯವರೆಗೂ ಕೊರೆಯಿತು. ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. ಅಷ್ಟು ದೊಡ್ಡ ಹಠಮಾರಿಗೇ ಹಾಗಾದರೆ, ಮೊಮೊ ಜೊತೆ ಬಂದ ಮಯೊನೀಸ್‌ನಲ್ಲಿ ಮೊಟ್ಟೆ ಇತ್ತೆಂದು ಎಲ್ಲವನ್ನೂ ಕೈಬಿಡುವುದು ತಮಾಷೆ.

13. ವಾರದ ಸಂತೆಗೆ ರಾತ್ರಿ ಹೋಗಿ

ಬಡಾವಣೆಗೊಂದು ಬುಧ್ ಬಜಾರ್, ಶನಿ ಬಜಾರ್ ಇರುತ್ತದೆ. ಸಂಜೆ ಆರಕ್ಕೆ ಹೋದರೆ ತಾಜಾ ಮಾಲು, ತಾಜಾ ಬೆಲೆ. ಎಂಟೂವರೆಯ ಮೇಲೆ, ಗಾಡಿಯವರು ದೀಪ ಆರಿಸಲು ನೋಡುವಾಗ, ಸೊಪ್ಪಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಬಟ್ಟೆಚೀಲ ಎರಡು ಒಯ್ಯಿರಿ, ಕೆಳಗೆ ಮೂಲಂಗಿ, ಮೇಲೆ ಟೊಮೆಟೊ. ಹಣ ಕೊಟ್ಟ ಮೇಲೆ ಕೈ ಚಾಚಿ ನಿಲ್ಲಿ: ‘ಭಯ್ಯಾ, ಧನಿಯಾ-ಮಿರ್ಚಿ?’ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸು ಪುಕ್ಕಟೆ. ಮೆಣಸಿನ ತೊಟ್ಟು ಎಸೆಯಬೇಡಿ, ಶೇಂಗಾ ಮೊಸರಿಗೆ ಬೇಕು.